ಕಸ್ತೂರಿಗೆ ಕಟ್ಟಿದ ಉಂಡೆ

ಲಕ್ಷ್ಮೇಶ್ವರ
10-6-1978

ಮಗಳು ಶಮಶಾದಬಿಗೆ ತಂದೆ ಯಮನೂರಸಾಬನ ದುವಾ.

ಮಾತು ನಿನ್ನ ತಂದೆಯದು, ಕೈ ಮಾತ್ರ ನನ್ನದು. ನಾನು ಯಾರೆಂದರೆ ಕಾಳಿನ ಅಂಗಡಿಯ ಗುಮಾಸ್ತ ಚನ್ನಬಸವಣ್ಣ. ನಿನ್ನ ತಂದೆಗೆ ಅಕ್ಷರ ಬಾರದಿದ್ದರೂ ಮಾತಿಗೇನೂ ಬರವಿಲ್ಲ. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಅವರು ಗದಗ ಮುಟ್ಟಿ ವಾಪಸು ಬಂದಿರುತ್ತಾರೆ.

ಮೊದಲ ಪ್ರಶ್ನೆ, ನಿನ್ನ ಮದುವೆಯಲ್ಲಿ ಅಳಿಯನ ಟಾಂಗಾಕ್ಕೆಂದು ಕೊಟ್ಟ ಕುದುರೆ ಕಸ್ತೂರಿ ಹೊಸ ಊರಿನ ನೀರಿಗೆ ಹೊಂದಿಕೊಂಡಿತೇ? ಮೇವು ತಿನ್ನುತ್ತದೆಯೇ, ಮೂಸಿ ಬಿಡುತ್ತದೆಯೇ? ಮೈ ಹೇಗಿದೆ? ಇದರ ಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ತಿದ್ದಿದರೆ ಬೈಯುತ್ತಾರೆ: "ಮುಂಜಾನಿ ಬಿಸಲಾಗ ನಿಲ್ಲಿಸಿ ಮೈ ಮ್ಯಾಲ ಅಂಗೈ ಒರಸಬೇಕು. ಅಂಗೈ ಹೊಳದ್ರ ಕುದುರಿ ಹೊಟ್ಟಿ ತುಂಬೈತಿ, ಧೂಳ ಹತ್ತಿದ್ರ ಹಸದೈತಿ. ಬಾಯಿಲ್ಲದ ಜೀವ, ಮೈಲೆ ಮಾತಾಡತೈತಿ."

ಕಂಡಕ್ಟರ್ ಸಕ್ರಪ್ಪನ ಬಸ್ಸಿನಲ್ಲಿ ಒಂದು ತಗಡಿನ ಡಬ್ಬಿ ಕಳಿಸಿದ್ದೇವೆ. ಅದರಲ್ಲಿ ಕಸ್ತೂರಿಗೆ ಕಟ್ಟಿದ ಉಂಡೆಗಳಿವೆ. ಹುರಿದ ಅಗಸಿ, ಹುರಿದ ಹುರುಳಿಯ ಹಿಟ್ಟು, ಬೆಲ್ಲ, ಮೆಂತ್ಯ, ಅಜವಾನ, ಒಣಶುಂಠಿ, ಕಟ್ಟಲು ಕುಸುಬಿ ಎಣ್ಣೆ. ಶಿರಹಟ್ಟಿ, ಮುಂಡರಗಿ ಕಡೆಯ ಮದುವೆ ಕುದುರೆಯವರು ಲಗ್ನದ ದಿನಗಳು ಬಂದವೆಂದರೆ ಬಾಗಿಲಲ್ಲಿ ಕಾದು ಕೂತು ಒಯ್ಯುವ ಉಂಡೆ ಇದು, ನಿನಗೆ ನಾನು ಹೇಳಬೇಕೆ? ಮುಂಜಾನೆ ಒಂದು, ಸಂಜೆ ಕಡಿವಾಣ ತೆಗೆದು ನೀರು ಕುಡಿಸಿದ ಮೇಲೆ ಒಂದು. ಉಂಡೆ ತೀರಿತೆಂದು ಹಸಿ ಅಗಸಿಯನ್ನು ನೀರಲ್ಲಿ ನೆನೆಸಿ ಹಾಕಬೇಡ, ಅದು ವಿಷವಾಗುತ್ತದೆ. ಡಬ್ಬಿ ಖಾಲಿಯಾದರೆ ಸಕ್ರಪ್ಪನ ಕೈಯಲ್ಲಿ ಕೊಡು, ತುಂಬಿ ಬರುತ್ತದೆ.

ಅಳಿಯ ಗೌಸಸಾಬನಿಗೂ ಬೀಗಿತಿ ಮೋತಿಬಿಯವರಿಗೂ ಸಲಾಮು ತಿಳಿಸು.

ಮಗಳ ಬಗ್ಗೆ ಏನಾದರೂ ಕೇಳುವುದಿದೆಯೇ ಎಂದೆ. "ಕುದುರಿ ಮರಿ ಸಾಕಿ ದೊಡ್ಡದು ಮಾಡಿದಾಕಿ, ಆಕಿಗೇನಾಗತೈತಿ?" ಎಂದರು. ಅದನ್ನೂ ಬರೆದಿದ್ದೇನೆ.

ಯಮನೂರಸಾಬ (ಹೆಬ್ಬೆಟ್ಟು)


ಗದಗ-ಬೆಟಗೇರಿ
26-6-1978

ಅಬ್ಬಾಗೆ ನಿನ್ನ ಶಮ್ಮಿಯ ಸಲಾಮು. ಓದಿ ಹೇಳುವ ಚನ್ನಬಸವಣ್ಣ ಕಾಕಾಗೂ ಸಲಾಮು. ಕಾಕಾ, ಸ್ವಲ್ಪ ಮೆಲ್ಲಗೆ ಓದಿರಿ. ನಿಮ್ಮ ದನಿ ಬಸ್ ಸ್ಟ್ಯಾಂಡಿನ ತನಕ ಕೇಳುತ್ತದೆ, ಅಂಗಡಿಯ ಹಮಾಲರೆಲ್ಲ ಚೀಲ ಇಳಿಸಿ ನಿಂತು ಬಿಡುತ್ತಾರೆ. ನನಗೆ ಗೊತ್ತಿಲ್ಲವೇ?

ಕಸ್ತೂರಿ ಆರಾಮಿದ್ದಾಳೆ. ಮೊದಮೊದಲು ಸ್ಟೇಶನ್ ಮುಂದೆ ಆಟೋ ಸದ್ದು ಕೇಳಿದರೆ ಟಾಂಗಾ ಸಮೇತ ಹಿಂದೆ ಸರಿಯುತ್ತಿದ್ದಳು. ಈಗ ಕಿವಿ ಮಾತ್ರ ಅಲ್ಲಾಡಿಸುತ್ತಾಳೆ. ಡಬ್ಬಿಯ ಮುಚ್ಚಳ ತೆಗೆದ ಸದ್ದಾದರೆ ಸಾಕು, ಕೊಟ್ಟಿಗೆಯಲ್ಲಿ ಕಾಲು ಕೆದರಲು ಶುರು. ನೀನು ಹೇಳಿದ ಹಾಗೆ ಬಿಸಿಲಲ್ಲಿ ನಿಲ್ಲಿಸಿ ಒರೆಸಿ ನೋಡಿದೆ, ಅಂಗೈ ಹೊಳೆಯಿತು. ಮೊನ್ನೆ ರೈಲಿನಿಂದ ಇಳಿದ ಅರಳೆ ವ್ಯಾಪಾರಿಯೊಬ್ಬ ನಮ್ಮವರನ್ನು, "ಏನ್ ತಿನಸ್ತೀಯೋ ಮಾರಾಯಾ, ಕುದುರಿ ಮೈಯಾಗ ನನ್ನ ಮಾರಿ ಕಾಣತೈತಲ್ಲ," ಎಂದು ಕೇಳಿದನಂತೆ. ಇವರು, "ನಮ್ಮ ಮಾವನ ಕೈಗುಣರೀ," ಎಂದರಂತೆ. ಆ ದಿನವೆಲ್ಲ ಅವರದು ಅದೇ ಮಾತು.

ಇಲ್ಲಿ ಎಲ್ಲರೂ ಆರಾಮ. ಅತ್ತೆಯ ಬಾಯಿ ಜೋರು, ಮನಸ್ಸು ಅಷ್ಟು ಜೋರಲ್ಲ. (ಈ ಸಾಲು ಓದಬೇಡಿರಿ, ಕಾಕಾ. ಓದಿಯೇ ಬಿಟ್ಟಿರೋ ಏನೋ.) ನಾನೂ ಆರಾಮ.

ನಿನ್ನ ಮಗಳು
ಶಮಶಾದಬಿ


ಗದಗ-ಬೆಟಗೇರಿ
20-9-1978

ಆಪಾ,

ಶಿಗ್ಲಿಯ ನಿನ್ನ ಮನೆಯಲ್ಲಿ ಕನ್ನಡ ಓದಲು ಬರುವವಳು ನೀನೊಬ್ಬಳೇ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನೀನು ದೊಡ್ಡಪ್ಪನ ಮಗಳಾದರೂ ನಮ್ಮ ಅಮ್ಮ ತೀರಿದ ಮೇಲೆ ನನ್ನ ತಲೆ ಬಾಚಿದವಳು. ನಿನ್ನ ಮುಂದೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನನಗೀಗ ನಾಲ್ಕನೆಯ ತಿಂಗಳು. ಅತ್ತೆ ನೆರೆಮನೆಯ ದೇವವ್ವನಿಗೆ ಹೇಳಿದರು. ದೇವವ್ವ ಮಗ್ಗದಿಂದೆದ್ದು ಬಂದು ನನ್ನ ಮುಖ ನೋಡಿ, "ಗಂಡ ಹುಡುಗನ ತಗೀ," ಎಂದು ತಾನೇ ತೀರ್ಪು ಕೊಟ್ಟು ಹೋದಳು.

ಇನ್ನೊಂದು ಸುದ್ದಿ ಅಷ್ಟು ಒಳ್ಳೆಯದಲ್ಲ. ಊರಲ್ಲಿ ಆಟೋಗಳು ಹೆಚ್ಚಿವೆ. ರೈಲು ಇಳಿದವರಿಗೆಲ್ಲ ಜಲ್ದಿ ಹೋಗಬೇಕು. ನಮ್ಮವರು ದಿನವೆಲ್ಲ ಸ್ಟೇಶನ್ ಮುಂದೆ ಕೂತು ಒಬ್ಬ ಮುದುಕಿಯನ್ನೋ, ಎರಡು ಚೀಲ ಮೆಣಸಿನಕಾಯಿಯನ್ನೋ ಹಾಕಿಕೊಂಡು ಬರುತ್ತಾರೆ. ಮನೆಯಲ್ಲಿ ಜೋಳದ ಹಿಟ್ಟು ಕಡಿಮೆ. ಇವರು ಉಣ್ಣುತ್ತಾರೆ, ಮೈದುನ ಉಣ್ಣುತ್ತಾನೆ, ಆಮೇಲೆ ಅತ್ತೆ. ನನ್ನ ಸರದಿ ಬಂದಾಗ ರೊಟ್ಟಿ ಬುಟ್ಟಿಯಲ್ಲಿ ಹಾಸಿದ ಬಟ್ಟೆ ಮಾತ್ರ ಉಳಿದಿರುತ್ತದೆ. ಯಾರೂ ಕೆಟ್ಟವರಲ್ಲ, ಆಪಾ. ಒಲೆಯ ಮುಂದೆ ಕೂತವಳು ಉಂಡೇ ಇರುತ್ತಾಳೆ ಎಂದು ಎಲ್ಲರ ಎಣಿಕೆ. ನಮ್ಮ ಮನೆಯಲ್ಲಿ ಅಮ್ಮ ಉಂಡಳೇ ಎಂದು ನಾವಾದರೂ ಯಾವತ್ತು ಕೇಳಿದ್ದೆವು?

ಹೋದ ತಿಂಗಳು ಒಂದು ಸಂಜೆ ಕಸ್ತೂರಿಗೆ ಉಂಡೆ ಕೊಡಲು ಹೋದೆ. ಅದು ಒಡೆದು ಅರ್ಧ ನನ್ನ ಕೈಯಲ್ಲೇ ಉಳಿಯಿತು. ಹುರಿದ ಅಗಸಿ ಮತ್ತು ಬೆಲ್ಲದ ವಾಸನೆ ನಿನಗೆ ಗೊತ್ತು, ಚಿಕ್ಕಂದಿನಲ್ಲಿ ಅಬ್ಬಾ ಆ ಕಡೆ ತಿರುಗಿದಾಗ ನಾವಿಬ್ಬರೂ ಕದ್ದು ನೆಕ್ಕುತ್ತಿದ್ದೆವಲ್ಲ. ತಿಂದೆ. ಹೊಟ್ಟೆಯ ಉರಿ ತಣ್ಣಗಾಯಿತು. ಮರುದಿನವೂ ತಿಂದೆ. ಈಗ ಮುಂಜಾನೆಯ ಉಂಡೆ ಕಸ್ತೂರಿಯದು, ಸಂಜೆಯದು ನನ್ನದು. ಅವಳು ಕಾಲು ಕೆದರಿ ಕೇಳುತ್ತಾಳೆ. ನಾನು ಅವಳ ಕುತ್ತಿಗೆಗೆ ಮುಖ ಒತ್ತಿ ತಿನ್ನುತ್ತೇನೆ. ಅವಳು ನನ್ನ ಬಾಯಿ ಮೂಸುತ್ತಾಳೆ. ನಾಚಿಕೆಯಾಗುತ್ತದೆ ಆಪಾ, ಆದರೂ ತಿನ್ನುತ್ತೇನೆ.

ಮೊನ್ನೆ ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದು ನೋಡಿಬಿಟ್ಟರು. ನನ್ನ ಬಾಯಿ ತುಂಬ ಕುದುರೆಯ ಉಂಡೆ. ಈಗ ಓಣಿ ಕೂಡುತ್ತದೆ ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ತಿರುಗಿ ಹೋದರು. ಮರುದಿನ ಡಬ್ಬಿಯಲ್ಲಿ ಇನ್ನೂ ಒಂದು ಉಂಡೆ ಕಡಿಮೆ ಇತ್ತು. ಅವರೂ ಹಸಿದವರೇ.

ಅಬ್ಬಾಗೆ ಬರೆ ಎನ್ನುತ್ತೀ. ಹೇಗೆ ಬರೆಯಲಿ? ನನ್ನ ಕಾಗದವನ್ನು ಚನ್ನಬಸವಣ್ಣ ಕಾಕಾ ಅಂಗಡಿಯ ಕಟ್ಟೆಯ ಮೇಲೆ ನಿಂತು ಓದುತ್ತಾರೆ. 'ಯಮನೂರಸಾಬನ ಮಗಳು ಕುದುರಿ ಕೂಳ ತಿಂತಾಳ' ಎಂದು ಸಂಜೆಯೊಳಗೆ ಇಡೀ ಲಕ್ಷ್ಮೇಶ್ವರಕ್ಕೆ ಗೊತ್ತಾಗುತ್ತದೆ. ಅಬ್ಬಾ ಆ ಅಂಗಡಿಯ ಮುಂದೆ ಮತ್ತೆ ತಲೆ ಎತ್ತಿ ನಡೆಯುವುದು ಬೇಡವೇ? ನೀನೂ ಹೇಳಬಾರದು. ಅಮ್ಮನ ಆಣೆ ನಿನ್ನ ಮೇಲಿದೆ.

ನಿನ್ನ ಶಮ್ಮಿ


ಲಕ್ಷ್ಮೇಶ್ವರ
15-10-1978

ಮಗಳು ಶಮಶಾದಬಿಗೆ ತಂದೆಯ ದುವಾ.

ನಿನ್ನ ತಂದೆ ಇಂದು ಬಹಳ ಸಿಟ್ಟಿನಲ್ಲಿದ್ದಾರೆ. ಬಸ್ಸಿನ ಸಕ್ರಪ್ಪ ಗದಗ ಸ್ಟೇಶನ್ ಮುಂದೆ ಕಸ್ತೂರಿಯನ್ನು ನೋಡಿ ಬಂದು ಸುದ್ದಿ ಹೇಳಿದ. ಮೈ ಮಿಂಚು ಹೋಗಿದೆಯಂತೆ. ಕೂದಲು ನೆಟ್ಟಗೆ ನಿಂತಿವೆಯಂತೆ. "ದಿನಾ ಎರಡು ಉಂಡಿ ತಿಂದ ಕುದುರಿ ಹಂಗಾಗೂದಿಲ್ಲ. ನಾ ಕಟ್ಟಿದ ಉಂಡಿ ಯಾರ ಹೊಟ್ಟಿ ಹೊಕ್ಕಾವು, ಕೇಳು," ಎನ್ನುತ್ತಾರೆ. ಅಳಿಯ ಬೇರೆ ಟಾಂಗಾದವರಿಗೆ ಮಾರಿಕೊಳ್ಳುತ್ತಿದ್ದಾನೋ ಎಂಬ ಅನುಮಾನವೂ ಇದೆ. ಅದನ್ನು ಬರೆಯಬೇಡ ಎಂದು ನಾನು ಹೇಳಿದೆ, ಬರೆಯಲೇಬೇಕೆಂದು ಕೂತಿದ್ದಾರೆ.

ಈ ಸಲ ಡಬ್ಬಿಯ ಜೊತೆಗೆ ಒಂದು ಗಂಟು ಹೆಚ್ಚಿಗೆ ಬರುತ್ತದೆ. ಇಳಿದ ಮೈ ಎತ್ತಿ ತರಲು ಅಂಟು, ಕೊಬ್ಬರಿ, ಗಸಗಸೆ ಕೂಡಿಸಿ ಕಟ್ಟಿದ್ದಾರೆ. "ಯಮನೂರಸಾಬ, ಇದು ಬಾಣಂತಿ ಉಂಡಿ ಆತಲ್ಲೋ, ನಮ್ಮ ಸೊಸಿಗೆ ಇದನ್ನ ಕೊಟ್ಟಿದ್ವಿ," ಎಂದು ನಾನು ನಕ್ಕೆ. "ಹೆಣ್ಣ ಜೀವ ಯಾವುದಾದ್ರೇನು, ಸೊರಗಿದ್ರ ತಿನಿಸೂದು ಒಂದ," ಎಂದರು.

ಕಸ್ತೂರಿ ಉಂಡೆ ತಿನ್ನುವಾಗ ನೀನು ಎದುರಿಗೇ ನಿಲ್ಲು. ಬಾಯಿ ಆಡಿಸುವುದು ಮುಗಿಯುವ ತನಕ ಕದಲಬೇಡ.

ನೀನು ಬಸುರಿ ಎಂಬ ಸುದ್ದಿ ಸಕ್ರಪ್ಪನ ಬಾಯಿಂದಲೇ ಮುಟ್ಟಿತು. ಸಂತೋಷ. ಹುಷಾರಾಗಿರು.

ಯಮನೂರಸಾಬ (ಹೆಬ್ಬೆಟ್ಟು)


ಗದಗ-ಬೆಟಗೇರಿ
12-11-1978

ಅಬ್ಬಾಗೆ ಶಮ್ಮಿಯ ಸಲಾಮು.

ಉಂಡೆ ಮುಟ್ಟಿದವು. ಗಸಗಸೆ ಹಾಕಿದ್ದು ಬಹಳ ರುಚಿಯಾಗಿದೆ ಎಂದು ಕಸ್ತೂರಿ ಹೇಳಿದಳು.

ಇವರ ಮೇಲೆ ಅನುಮಾನ ಮಾಡಬೇಡ. ಒಂದು ಉಂಡೆಯನ್ನೂ ಇವರು ಹೊರಗೆ ಕೊಟ್ಟಿಲ್ಲ, ಆಣೆ ಮಾಡಿ ಹೇಳುತ್ತೇನೆ. ಚಳಿಗಾಲ ಬಂತು, ಕುದುರೆಗೆ ಕೂದಲು ಬೆಳೆದು ಮಿಂಚು ಕಡಿಮೆಯಾಗುವುದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೈ ಸ್ವಲ್ಪ ಇಳಿದದ್ದು ಖರೆ. ಕಾಗದದಲ್ಲಿ ಬರೆದರೆ ತಿಳಿಯುವುದಿಲ್ಲ. ನೀನೇ ಒಮ್ಮೆ ಬಾ. ಬಂದು ನಿನ್ನ ಕಣ್ಣಿಂದ ನೋಡು. ನೋಡಿದ ಮೇಲೆ ಒಯ್ಯಬೇಕು ಅನಿಸಿದರೆ ಒಯ್ಯಿ.

ಬರುವ ತಿಂಗಳು ನನಗೆ ಏಳು ತುಂಬುತ್ತದೆ. ಚೊಚ್ಚಲು, ತವರಿನವರು ಯಾವಾಗ ಕರೆಯಲು ಬರುತ್ತಾರೆ ಎಂದು ಓಣಿಯ ಹೆಂಗಸರು ಕೇಳುತ್ತಾರೆ. ಕೇಳಿದವರಿಗೆಲ್ಲ ಬರುತ್ತಾರೆ ಎಂದು ಹೇಳಿದ್ದೇನೆ.

ಜರೂರ ಬಾ ಅಬ್ಬಾ.

ನಿನ್ನ ಶಮ್ಮಿ


ಶಿಗ್ಲಿ
28-11-1978

ಶಮ್ಮಿ,

ನೀನು ಹಾಕಿದ ಆಣೆ ನನ್ನ ಕೊರಳಿಗೆ ಬಿಗಿದ ಹಗ್ಗದ ಹಾಗಾಗಿದೆ. ಮುಚ್ಚಿಡುವುದಕ್ಕೂ ಒಂದು ಮಿತಿ ಇರುತ್ತದೆ. ಇದು ನಿನ್ನೊಬ್ಬಳ ಹೊಟ್ಟೆಯ ಮಾತಲ್ಲ. ನಿನ್ನ ಅಬ್ಬಾ ಹೇಗೂ ಬರುತ್ತಾರೆ ಎಂದು ಬರೆದಿದ್ದೀ. ಬಂದಾಗ ಬಾಯಿ ಬಿಟ್ಟು ಹೇಳು, 'ನಾನೂ ಬರ್ತೀನಿ' ಎಂದು. ನೀನು ಹೇಳದಿದ್ದರೂ ಅವರೇ ನೋಡಿ ತಿಳಿದುಕೊಳ್ಳುತ್ತಾರೆ ಎಂದು ನಂಬಿದ್ದೇನೆ. ದೂರದಲ್ಲಿ ಹೋಗುವ ಕುದುರೆಯ ನಡಿಗೆ ನೋಡಿ ಅದರ ಯಾವ ಕಾಲು ನೋಯುತ್ತಿದೆ ಎಂದು ಹೇಳುವ ಮನುಷ್ಯ, ಮಗಳ ಮುಖ ನೋಡಿದರೆ ತಿಳಿಯದೇ?

ನಿನ್ನ ಆಪಾ
ಅಲ್ಮಾಸಬಿ


ಗದಗ-ಬೆಟಗೇರಿ
18-12-1978

ಆಪಾ,

ಅಬ್ಬಾ ಬಂದಿದ್ದರು. ಬಂದು ಹೋದರು.

ನಾನು ಮುಂಜಾನೆಯೇ ಟ್ರಂಕಿಗೆ ಸೀರೆ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಅವರು ಬಸ್ಸಿಳಿದು ಬಂದವರು ಮನೆಯೊಳಗೆ ಕಾಲಿಡಲಿಲ್ಲ, ನೇರ ಕೊಟ್ಟಿಗೆಗೆ ಹೋದರು. ಹೆಗಲ ಮೇಲೆ ಹೊಸ ಹಗ್ಗ ಇತ್ತು. ಅದನ್ನು ನೋಡಿಯೂ ನನಗೆ ತಿಳಿಯಲಿಲ್ಲ ನೋಡು, ಎಂಥ ಹುಚ್ಚಿ ನಾನು.

ಕಸ್ತೂರಿಯ ಮೈ ಮೇಲೆ ಅಂಗೈ ಆಡಿಸಿದರು. ಧೂಳು ಹತ್ತಿತು. ಪಕ್ಕೆಲುಬು ಬೆರಳಿಂದ ಮುಟ್ಟಿ ನೋಡಿದರು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರು. ತುಟಿ ಎತ್ತಿ ವಸಡು ನೋಡಿದರು. ಕೊನೆಗೆ ಅದರ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು, "ರಕ್ತ ಇಲ್ಲ. ಬಿಳಿಚಿಕೊಂಡೈತಿ. ಈ ಕುದುರಿ ಉಪವಾಸ ಐತಿ," ಎಂದರು. ನಾನು ಅಲ್ಲೇ ಚಹಾ ಹಿಡಿದು ನಿಂತಿದ್ದೆ. ಅತ್ತೆ, ಗಂಡ ಎಲ್ಲರೂ ಎದುರಿಗಿದ್ದರು, ಸೆರಗು ಮೂಗಿನ ತನಕ ಇಳಿದಿತ್ತು, ಮೇಲೆ ಚಾದರ ಹೊದ್ದಿದ್ದೆ. ಕಪ್ಪು ತೆಗೆದುಕೊಳ್ಳುವಾಗ ಅವರ ಕೈ ನನ್ನ ಕೈಗೆ ತಾಗಿತು. ನನ್ನ ಕೈ ತಣ್ಣಗಿತ್ತು. "ಥಂಡಿ ಭಾಳ ಐತಿ, ಒಳಗ ಹೋಗವ್ವ," ಎಂದರು. ಆಪಾ, ಆ ಹೆಬ್ಬೆರಳಿನಿಂದ ನನ್ನ ರೆಪ್ಪೆಯನ್ನೂ ಒಮ್ಮೆ ಎಳೆದು ನೋಡಿದ್ದರೆ ಸಾಕಿತ್ತು.

ಆಮೇಲೆ ನಮ್ಮವರ ಕಡೆ ತಿರುಗಿ, "ಉಂಡಿ ಮಾರ್ಕೊಂಡು ತಿಂದೀರೇನು?" ಎಂದರು. ಇವರಿಗೆ ಪಾಪ ಏನೂ ಗೊತ್ತಿಲ್ಲ. ಮುಖ ಕಪ್ಪಾಯಿತು. ಅತ್ತೆ ನನ್ನ ಕಡೆ ನೋಡಿದರು. ಹೇಳಲೇ ಎಂದು ಅವರ ಕಣ್ಣು ಕೇಳಿತು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅಂಗಳದಲ್ಲಿ ದೇವವ್ವ ಇದ್ದಳು, ಟಾಂಗಾದವರಿದ್ದರು. ಅಷ್ಟು ಮಂದಿಯ ಮುಂದೆ ನನ್ನ ಗಂಡನ ಮನೆಯವರನ್ನು ಹಸಿದವರೆಂದು ಹೇಗೆ ಹೇಳಿಸಲಿ?

"ಒಯ್ರಿ ನಿಮ್ಮ ಕುದುರಿ," ಎಂದರು ಇವರು.

ಅಬ್ಬಾ ಕಸ್ತೂರಿಯನ್ನು ಬಿಚ್ಚಿದರು. ಆಗ ಅತ್ತೆಯೇ, "ಹೆರಿಗಿ ಇಲ್ಲೇ ಆಗಲ್ರಿ. ನಿಮ್ಮ ಮನ್ಯಾಗ ಹೆಣ್ಣ ದಿಕ್ಕಿಲ್ಲ, ಇಲ್ಲಿ ದವಾಖಾನಿ ಹತ್ರ ಐತಿ," ಎಂದರು. ಅವರು ನನ್ನ ಒಳ್ಳೆಯದಕ್ಕೇ ಅಂದದ್ದು. ಅಬ್ಬಾಗೆ ಹೆಗಲ ಭಾರ ಇಳಿದ ಹಾಗಾಯಿತು. "ಖರೆ ಅಂದ್ರಿ. ಒಂದು ಬಾಯಿ ಕಡಿಮಿ ಆದ್ರ ನಿಮಗೂ ಹಗುರ," ಎಂದು ಕುದುರೆಯ ಹಗ್ಗ ಹಿಡಿದು ನಡೆದರು. ಬಾಯಿ ಬಿಟ್ಟು ಹೇಳು ಎಂದಿದ್ದೆ ನೀನು. ಬಾಯಿ ಬಿಟ್ಟೆ, ಆಪಾ. "ಹುಷಾರ ಹೋಗು ಅಬ್ಬಾ," ಎಂದಷ್ಟೇ ಬಂತು.

ಓಣಿಯ ತಿರುವಿನಲ್ಲಿ ಕಸ್ತೂರಿ ನಿಂತು ಹಿಂದಿರುಗಿ ನೋಡಿದಳು. ಅಬ್ಬಾ ತಮ್ಮ ಹೆಗಲ ಟವಲಿನಿಂದ ಅವಳ ಹಣೆ ಒರೆಸಿ, ಏನೋ ಸಮಾಧಾನ ಹೇಳಿ ಮುಳಗುಂದದ ದಾರಿ ಹಿಡಿದರು. ಅವರು ತಿರುಗಲಿಲ್ಲ. ನಾನು ಬಾಗಿಲಲ್ಲೇ ಇದ್ದೆ.

ಇನ್ನು ಡಬ್ಬಿ ಬರುವುದಿಲ್ಲ. ನನಗೆ ಬಹಳ ಹೆದರಿಕೆಯಾಗುತ್ತದೆ.

ಶಮ್ಮಿ


ಲಕ್ಷ್ಮೇಶ್ವರ
14-1-1979

ಮಗಳು ಶಮಶಾದಬಿಗೆ ತಂದೆಯ ದುವಾ.

ಇಂದು ನಿನ್ನ ತಂದೆಯ ಮುಖದಲ್ಲಿ ಹಬ್ಬ. ಕಸ್ತೂರಿ ಚೇತರಿಸಿಕೊಂಡಿದೆ. ವಸಡು ಕೆಂಪಾಗಿದೆ. ಹಳೆಯ ಕೂದಲು ಉದುರಿ ಒಳಗಿನಿಂದ ರೇಶಿಮೆಯಂಥ ಕೂದಲು ಬಂದಿದೆ. ದಿನಕ್ಕೆ ಎರಡಿದ್ದ ಉಂಡೆ ಈಗ ಮೂರಾಗಿದೆ. ನಿಂತು ತಾವೇ ತಿನ್ನಿಸುತ್ತಾರೆ. ಮೊನ್ನೆ ಬಿಸಿಲಲ್ಲಿ ಒರೆಸಿ ತಮ್ಮ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡೋ ಚನ್ನಬಸ್ಯಾ, ಕನ್ನಡಿ ಆಗೇತಿ," ಎಂದು ಕುಣಿದರು. ಮುಂಡರಗಿಯ ಕಡೆಯವರು ಮದುವೆಯ ಮೆರವಣಿಗೆಗೆ ಕೇಳಿಕೊಂಡು ಬಂದಿದ್ದರು. ಕೊಡಲಿಲ್ಲ. ಮೊಮ್ಮಗ ಹುಟ್ಟಿದ ಮೇಲೆ ಇದರ ಮೇಲೇ ಹತ್ತಿ ಗದಗಿಗೆ ಬರುತ್ತಾರಂತೆ.

ಅಳಿಯನ ಮೇಲಿನ ಸಿಟ್ಟು ಇಳಿದಿದೆ. ನಿನ್ನ ಬಾಣಂತನ ಮುಗಿಯಲಿ, ಕುದುರೆಯನ್ನು ಮತ್ತೆ ತಂದು ಕಟ್ಟುತ್ತೇನೆ ಎಂದು ಹೇಳಲು ಹೇಳಿದ್ದಾರೆ.

ಬಹಳ ದಿನವಾಯಿತು, ನಿನ್ನ ಕಾಗದವಿಲ್ಲ.

ಯಮನೂರಸಾಬ (ಹೆಬ್ಬೆಟ್ಟು)


ಗದಗ-ಬೆಟಗೇರಿ
2-2-1979

ಮಾವನವರಿಗೆ ಗೌಸಸಾಬನ ಸಲಾಮು.

ನಿನ್ನೆ ಹೆರಿಗೆಯಾಯಿತು. ದಿನ ತುಂಬಿರಲಿಲ್ಲ. ಗಂಡು ಮಗು. ಉಸಿರಾಡಲಿಲ್ಲ. ಸಂಜೆಯೇ ಬೆಟಗೇರಿಯಲ್ಲಿ ಮಣ್ಣು ಮಾಡಿ ಬಂದೆ. ತಾಯಿಯ ಮೈಯಲ್ಲಿ ರಕ್ತವೇ ಇಲ್ಲ, ಇವಳು ಉಳಿದದ್ದೇ ದೊಡ್ಡದು ಎಂದು ಡಾಕ್ಟರಬಾಯಿ ನನ್ನನ್ನು ಬೈದರು. ನಾನು ಏನು ಹೇಳಲಿ? ಈಗ ಅರಳೆ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದೇನೆ, ಮುಂಜಾನೆ ಹೋದರೆ ಕತ್ತಲಾದ ಮೇಲೆ ಮನೆ. ಅವಳು ಏನು ಉಂಡಳು, ಏನು ಬಿಟ್ಟಳು, ನನಗೆ ತಿಳಿಯಲಿಲ್ಲ. ತಿಳಿಯಬೇಕಿತ್ತು.

ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಗೌಸಸಾಬ


ಲಕ್ಷ್ಮೇಶ್ವರ
20-3-1979

ಶಮಶಾದಬಿ,

ಇವತ್ತು ಮಾತೂ ನನ್ನದೇ, ಕೈಯೂ ನನ್ನದೇ. ನಿನ್ನ ತಂದೆ ಇದನ್ನು ಬರೆಸುತ್ತಿಲ್ಲ.

ಕಳೆದ ತಿಂಗಳು ಮಗುವಿನ ಗೋರಿಗೆ ಒಂದು ಹಿಡಿ ಮಣ್ಣು ಹಾಕಲು ಅವರು ನಿಮ್ಮೂರಿಗೆ ಬಂದು ಹೋದಾಗ ನೀನು ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಬಾಣಂತಿ, ಬರಬಾರದು ಎಂದುಕೊಂಡು ತಿರುಗಿ ಬಂದರು. ಆಗಲೂ ಅವರಿಗೆ ಏನೂ ಗೊತ್ತಿರಲಿಲ್ಲ. ಮೊನ್ನೆ ಶಿಗ್ಲಿಯಿಂದ ನಿನ್ನ ಅಕ್ಕ ಅಲ್ಮಾಸಬಿ ಬಂದಳು. ಎಂದೂ ಅಂಗಡಿಯ ಕಡೆ ಕಾಲಿಡದ ಹೆಣ್ಣುಮಗಳು, ಕಾಳಿನ ಚೀಲಗಳ ನಡುವೆ ಕೂತಿದ್ದ ನಿನ್ನ ತಂದೆಯ ಎದುರು ಬಂದು ನಿಂತಳು. "ಕಾಕಾ, ಆಣಿ ಹಾಕ್ಯಾಳಂತ ಸುಮ್ನಿದ್ದೆ. ಇನ್ನ ಸುಮ್ನಿರೂದಿಲ್ಲ. ನಿಮ್ಮ ಉಂಡಿ ಯಾರ ಹೊಟ್ಟಿ ಹೊಕ್ಕಾವಂತ ಕೇಳಿದ್ರಲ್ಲ? ಶಮ್ಮಿ ಹೊಟ್ಟಿ ಹೊಕ್ಕಾವು. ಬಸುರಿ ಹೆಂಗಸು, ಹಸದಿದ್ಲು, ತಿಂದ್ಲು. ನೀವು ಕುದುರಿ ಬಿಚಕೊಂಡು ಬಂದ್ರಿ, ಆಕೀನ್ನ ಅಲ್ಲೇ ಬಿಟ್ಟು ಬಂದ್ರಿ," ಎಂದು ಅಷ್ಟನ್ನೇ ಹೇಳಿ ಅಳುತ್ತ ಹೋದಳು.

ನಿನ್ನ ತಂದೆ ತಮ್ಮ ಅಂಗೈ ನೋಡುತ್ತ ಕೂತರು. ಆಮೇಲೆ, "ಚನ್ನಬಸ್ಯಾ, ಆಕಿ ನನಗ್ಯಾಕ ಬರೀಲಿಲ್ಲೋ?" ಎಂದರು. "ಓದಾಂವ ನಾನು, ಕೇಳಾವ್ರು ಊರ ಮಂದಿ. ಹೆಂಗ ಬರೀಬೇಕು ಆಕಿ?" ಎಂದೆ. ಆ ಮಾತಿಗೆ ಅವರು ತಲೆ ತಲೆ ಬಡಿದುಕೊಂಡು ಅತ್ತರು. ಐವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಮರುದಿನ ನಮ್ಮ ಮೊಮ್ಮಗಳ ಪಾಟಿ ಕೇಳಿ ಒಯ್ದರು. ಈಗ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಕೂತು ಅಕ್ಷರ ತಿದ್ದುತ್ತಾರೆ. ಲಗಾಮು ಹಿಡಿದ ಕೈ, ಬಳಪ ಹಿಡಿದರೆ ಪುಡಿಯಾಗುತ್ತದೆ. ನಾನು ಬರೆದುಕೊಡುತ್ತೇನೆ ಎಂದರೆ ಕೇಳುವುದಿಲ್ಲ. ನಿನಗೆ ತಿಳಿದಿರಲಿ ಎಂದು ಬರೆದೆ.

ಚನ್ನಬಸವಣ್ಣ


ಲಕ್ಷ್ಮೇಶ್ವರ
8-7-1979

ಶಮ್ಮಿ,

ಇದು ನನ್ನ ಕೈ. ಯಾರೂ ನೋಡಿಲ್ಲ. ನೀ ಬರದದ್ದು ನಾನ ಓದತೀನಿ. ಯಾರಿಗೂ ತೋರಸೂದಿಲ್ಲ.

ಕಸ್ತೂರಿ ಮೈ ಹೊಳೀತೈತಿ. ನನಗ ಆಕಡೆ ನೋಡಾಕ ಆಗವಲ್ದು. ಆಕಿಗೆ ಉಂಡಿ ಕಟ್ಟೂದು ಬಿಟ್ಟೀನಿ. ಮಂದಿಗೂ ಕಟ್ಟಿಕೊಡೂದಿಲ್ಲ.

ಸಕ್ರಪ್ಪನ ಬಸ್ಸಿನಾಗ ಡಬ್ಬಿ ಕಳಿಸೀನಿ. ಇವು ನಿನಗಂತ ಕಟ್ಟಿದ್ವು. ಕುದುರಿಗಲ್ಲ.

ನಾ ಎಲ್ಲಾ ಕುದುರಿ ಕಣ್ಣ ನೋಡೀನಿ. ನಿನ್ನ ಕಣ್ಣ ನೋಡಲಿಲ್ಲ.

ಒಂದ ಮಾತ ಕೇಳಾಕ ಇಷ್ಟ ಕಲತೀನಿ. ಊಟ ಆತೇನವ್ವಾ?

ನಿನ್ನ ಅಬ್ಬಾ


ಗದಗ-ಬೆಟಗೇರಿ
16-7-1979

ಆಪಾ,

ಅಬ್ಬಾ ತಾವೇ ಕಾಗದ ಬರೆದಿದ್ದಾರೆ. ಪೆನ್ಸಿಲ್ ಒತ್ತಿ ಒತ್ತಿ ಕಾಗದ ಅಲ್ಲಲ್ಲಿ ತೂತಾಗಿದೆ. ಓದಿ ಮುಗಿಸಲು ನನಗೆ ಅರ್ಧ ದಿನ ಹಿಡಿಯಿತು. ಅಕ್ಷರ ತಿಳಿಯಲಿಲ್ಲವೆಂದಲ್ಲ.

ನೀನು ಆಣೆ ಮುರಿದದ್ದಕ್ಕೆ ಮೊದಲು ಬಹಳ ಸಿಟ್ಟು ಬಂದಿತ್ತು. ಈಗಿಲ್ಲ. ಅಬ್ಬಾನ ಮೇಲಿನ ಸಿಟ್ಟು ಮಾತ್ರ ಹೋಗಲೊಲ್ಲದು. ಆದರೆ ಆ ತೂತು ಬಿದ್ದ ಕಾಗದ ಕೈಯಲ್ಲಿ ಹಿಡಿದಾಗ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಡಬ್ಬಿಯೂ ಬಂತು. ಮುಚ್ಚಳ ತೆಗೆದೆ. ಸದ್ದಿಗೆ ಕೊಟ್ಟಿಗೆಯಲ್ಲಿ ಯಾರೂ ಕಾಲು ಕೆದರಲಿಲ್ಲ. ಒಂದು ತುಂಡು ಬಾಯಿಗಿಟ್ಟೆ. ಅದೇ ವಾಸನೆ, ಅದೇ ಬೆಲ್ಲ. ಅದನ್ನು ತಿಂದ ಸಂಜೆಗಳಲ್ಲಿ ಒಳಗೊಬ್ಬ ಹೊರಳಾಡಿ ಸುಮ್ಮನಾಗುತ್ತಿದ್ದ. ಹೊರಗೆ ಹೋಗಿ ಉಗುಳಿ ಬಂದೆ. ಉಂಡೆಗಳನ್ನೆಲ್ಲ ಮೈದುನನಿಗೂ ದೇವವ್ವನ ಬಸುರಿ ಸೊಸೆಗೂ ಕೊಟ್ಟೆ. ಆ ಹುಡುಗಿ ಬಾಯಿ ಆಡಿಸುವುದು ಮುಗಿಯುವ ತನಕ ಎದುರಿಗೇ ನಿಂತಿದ್ದೆ.

ಈಗ ಮನೆಯಲ್ಲಿ ಹಿಟ್ಟಿದೆ. ಇವರ ಹಮಾಲಿ ನಡೆದಿದೆ. ಅತ್ತೆ ತಾವು ಉಣ್ಣುವ ಮುಂಚೆ ನನ್ನ ಪಾಲಿನ ರೊಟ್ಟಿಯನ್ನು ಬಟ್ಟೆಯಡಿ ಮುಚ್ಚಿಟ್ಟು, "ಉಣ್ಣ ಬಾರ ನನ್ನವ್ವ," ಎಂದು ಕರೆಯುತ್ತಾರೆ. ಹೋಗಿ ಕೂಡುತ್ತೇನೆ. ಎರಡು ತುತ್ತಿಗೆ ಸಾಕಾಗುತ್ತದೆ. ಬಹಳ ಹಸಿವೆ ಇದ್ದಾಗ ರೊಟ್ಟಿ ಇರಲಿಲ್ಲ. ಈಗ ರೊಟ್ಟಿ ಇದೆ, ಹಸಿವೆ ಸತ್ತು ಹೋಗಿದೆ. ಮೈ ಸೊರಗಿದ್ದನ್ನು ನೋಡಿ ಓಣಿಯವರು ದವಾಖಾನೆಗೆ ಹೋಗು ಎನ್ನುತ್ತಾರೆ.

ಅಬ್ಬಾ ಒಂದೇ ಒಂದು ಮಾತು ಕೇಳಿದ್ದಾರೆ. ಇನ್ನು ನಮ್ಮ ನಡುವೆ ಓದುವವರಿಲ್ಲ, ಕೇಳುವವರಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು. ಆದರೆ ಈ ವಯಸ್ಸಿನಲ್ಲಿ ಆ ಒಂದು ಮಾತಿಗಾಗಿ ಪಾಟಿ ಹಿಡಿದು ಕೂತ ಮನುಷ್ಯನಿಗೆ ನಾನು 'ಇಲ್ಲ' ಎಂದು ಹೇಗೆ ಬರೆಯಲಿ, ಹೇಳು. ಅವರಿಗೂ ಈಗಲೇ ಬರೆಯುತ್ತೇನೆ. ಈ ಸಲ ನೀನು ಯಾರಿಗೂ ಏನೂ ಹೇಳಬೇಡ. ಆಣೆ ಹಾಕುವುದಿಲ್ಲ, ಕೈಮುಗಿದು ಕೇಳುತ್ತೇನೆ.

ಶಮ್ಮಿ


ಗದಗ-ಬೆಟಗೇರಿ
16-7-1979

ಅಬ್ಬಾ,

ನಿನ್ನ ಕಾಗದ ಓದಿದೆ. ನಿನ್ನ ಅಕ್ಷರ ಚನ್ನಬಸವಣ್ಣ ಕಾಕಾನ ಅಕ್ಷರಕ್ಕಿಂತ ಛಂದ ಇವೆ. ಅವರಿಗೆ ಹೇಳಬೇಡ.

ಉಂಡೆ ಮುಟ್ಟಿದವು. ಮುಂಜಾನೆ ಒಂದು, ಸಂಜೆ ಒಂದು ತಿನ್ನುತ್ತೇನೆ. ಮೈ ತುಂಬಿದೆ. ನೀನು ಬಿಸಿಲಲ್ಲಿ ನಿಲ್ಲಿಸಿ ನೋಡಿದರೆ ನಾನೂ ಹೊಳೆಯುತ್ತೇನೆ. ಈಗ ಮಳೆ ಇದೆ, ದಾರಿ ಸರಿಯಿಲ್ಲ. ಅವಸರ ಮಾಡಿ ಬರಬೇಡ, ಮಳೆಗಾಲ ಮುಗಿದ ಮೇಲೆ ಬಾ.

ಕಸ್ತೂರಿಗೆ ಉಂಡೆ ಹಾಕುವುದನ್ನು ಬಿಡಬೇಡ. ಅವಳು ನನಗೆ ಅರ್ಧ ಬಿಟ್ಟುಕೊಟ್ಟವಳು.

ನೀನು ಕೇಳಿದ್ದಕ್ಕೆ ನೀನು ಮಾತಾಡುವ ಹಾಗೆಯೇ ಬರೆಯುತ್ತೇನೆ, ಓದಲು ಸುಲಭವಾಗಲಿ.

ಊಟ ಆತು, ಅಬ್ಬಾ.

ನಿನ್ನ ಶಮ್ಮಿ